ಹಿಡಿದ ಮೀನು, ಬಿಟ್ಟ ಮೀನು: ಲೀ ವುಲ್ಫ್ ಅವರ ಬದುಕು ಮತ್ತು ಬಳುವಳಿ



ನದಿ, ಕಾಡು, ಪ್ರಾಣಿಗಳ ಬಗ್ಗೆ ವರ್ಷಕ್ಕೊಮ್ಮೆ ಒಂದು ಮಾತು ನಡೆಯಲಿ ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅಂಥ ವೇದಿಕೆಯಲ್ಲಿ ಗಾಳ ಹಾಕುವುದನ್ನೇ ಬದುಕಾಗಿಸಿಕೊಂಡ ಅಮೆರಿಕನ್ನರೊಬ್ಬರ ಬಗ್ಗೆ ಮಾತಾಡಲು ಹೊರಟಿದ್ದೇನೆ. ಅವರು ಲೀ ವುಲ್ಫ್. 1905ರಿಂದ 1991ರವರೆಗೆ ಬದುಕಿದ್ದರು. ಫ್ಲೈ ಫಿಶಿಂಗ್ ಎಂಬ ಆಟದಲ್ಲಿ ಇಪ್ಪತ್ತನೆಯ ಶತಮಾನದ ದೊಡ್ಡ ಹೆಸರುಗಳನ್ನು ಎಣಿಸಿದರೆ ಅವರ ಹೆಸರು ಮೊದಲ ಕೆಲವರಲ್ಲೇ ಬರುತ್ತದೆ. ನಾನು ಅವರನ್ನು ಆರಿಸಿಕೊಳ್ಳಲು ಕಾರಣ ಅವರ ಕೈಚಳಕವಲ್ಲ. 1939ರಲ್ಲಿ ಅವರು ಸಿಹಿನೀರಿನ ಮೀನುಗಾರಿಕೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಆಟಕ್ಕಾಗಿ ಹಿಡಿಯುವ ಮೀನು ಬಹಳ ಬೆಲೆಯುಳ್ಳದ್ದು, ಒಬ್ಬನ ಗಾಳಕ್ಕೆ ಒಮ್ಮೆ ಸಿಕ್ಕಿದ ಮಾತ್ರಕ್ಕೆ ಅದರ ಬದುಕು ಮುಗಿದುಹೋಗಬಾರದು ಎಂಬ ವಿಚಾರವನ್ನು ಅದರಲ್ಲಿ ಮುಂದಿಟ್ಟರು. ಸತ್ತ ಮೀನುಗಳನ್ನು ಹಗ್ಗಕ್ಕೆ ಪೋಣಿಸಿ, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಳ್ಳುವುದೇ ಗೆಲುವಾಗಿದ್ದ ಕಾಲ ಅದು. ಆ ಗೆಲುವಿನ ಜಾಗವನ್ನೇ ಅವರು ಬದಲಿಸಿದರು. ಹಿಡಿದವನ ಹೆಮ್ಮೆ ಮೀನನ್ನು ಮತ್ತೆ ನೀರಿಗೆ ಬಿಡುವಲ್ಲಿರಲಿ ಎಂದರು.

ಫ್ಲೈ ಫಿಶಿಂಗ್ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಕೆರೆ ಏರಿಗಳ ಮೇಲೆ ಗಾಳ ಹಾಕುವವರು ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ಎಸೆಯುತ್ತಾರೆ. ಆ ಎರೆಗೆ, ಅದರ ಜೊತೆಗಿನ ಸೀಸದ ಗುಂಡಿಗೆ ತೂಕವಿದೆ. ಆ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಪುಟ್ಟ ಕೊಕ್ಕೆಯ ಮೇಲೆ ಗರಿ, ರೋಮ, ರೇಷ್ಮೆ ಎಳೆ ಸುತ್ತಿ ಮಾಡಿದ ಹುಸಿ ಕೀಟ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಎತ್ತಿನ ಗಾಡಿಯವನು ಬಾರುಕೋಲು ಬೀಸಿದಂತೆ ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಕಾಯುವ ಆ ಅರೆಗಳಿಗೆ ತಪ್ಪಿದರೆ ದಾರ ಕುಸಿದು ಬೀಳುತ್ತದೆ. ಸರಿಯಾದರೆ ದಾರ ಗಾಳಿಯಲ್ಲಿ ಉರುಳುತ್ತ ಹೋಗಿ, ಕೊನೆಯಲ್ಲಿ ಫ್ಲೈ ನೀರಿನ ಮೇಲೆ ನಿಜವಾದ ಕೀಟದಷ್ಟೇ ಹಗುರಾಗಿ ಇಳಿಯುತ್ತದೆ. ಟ್ರೌಟ್ ಮೀನು ಏನು ತಿನ್ನುತ್ತಿದೆ, ಯಾವ ಕೀಟ ಆ ಹೊತ್ತಿಗೆ ನೀರಿನಿಂದ ಎದ್ದು ಹಾರುತ್ತಿದೆ, ಹರಿವು ಎಲ್ಲಿ ಜೋರು, ಎಲ್ಲಿ ಮೆಲ್ಲಗೆ, ಇವೆಲ್ಲ ಗೊತ್ತಿಲ್ಲದವನಿಗೆ ಈ ಆಟ ಒಲಿಯುವುದಿಲ್ಲ. ನದಿಯನ್ನು ಓದಲು ಕಲಿಯಲೇಬೇಕು. ನದಿಯ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಈ ಆಟದವರು ಇಷ್ಟೊಂದು ಜನ ಇರುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ.

ವುಲ್ಫ್ ಹುಟ್ಟಿದ್ದು ಅಲಾಸ್ಕಾದ ವಾಲ್ಡೀಸ್ ಎಂಬ ಬಂದರಿನ ಊರಿನಲ್ಲಿ. ಚಿನ್ನದ ಆಸೆಗೆ ಉತ್ತರಕ್ಕೆ ಹೋದವರಲ್ಲಿ ಅವರ ತಂದೆಯೂ ಒಬ್ಬರು. ಅಲ್ಲಿಯ ಹೊಳೆಗಳಲ್ಲಿ ಸಾಲ್ಮನ್ ಏರಿಬರುವುದನ್ನು ನೋಡುತ್ತ ಬೆಳೆದ ಹುಡುಗ ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದರು. ಎಂಜಿನಿಯರ್ ಆಗಲಿಲ್ಲ. ಚಿತ್ರಕಲೆ ಕಲಿಯಲು ಪ್ಯಾರಿಸ್ಸಿಗೆ ಹೋದರು, ಮರಳಿ ಬಂದು ನ್ಯೂಯಾರ್ಕಿನಲ್ಲಿ ವಾಣಿಜ್ಯ ಕಲಾವಿದರಾಗಿ ದುಡಿದರು, ಆಮೇಲೆ ಆ ಕೆಲಸವನ್ನೂ ಬಿಟ್ಟು ಬರವಣಿಗೆ, ಫೋಟೋ, ಸಿನಿಮಾ, ಉಪನ್ಯಾಸಗಳನ್ನು ನಂಬಿ ನದಿಯ ಕಡೆ ನಡೆದರು. ಎಂಜಿನಿಯರಿಂಗ್ ಮತ್ತು ಚಿತ್ರಕಲೆಯ ಆ ಜೋಡಿ ಕಲಿಕೆ ಮಾತ್ರ ವ್ಯರ್ಥವಾಗಲಿಲ್ಲ. ಅವರು ಮಾಡಿದ ಒಂದೊಂದು ವಸ್ತುವಿನಲ್ಲೂ ಅದು ಕಾಣುತ್ತದೆ.

ಮೊದಲು ಫ್ಲೈಗಳನ್ನೇ ನೋಡಿ. 1930ರ ಆಸುಪಾಸಿನಲ್ಲಿ ಅಮೆರಿಕದ ಗಾಳಗಾರರು ಬಳಸುತ್ತಿದ್ದ ಫ್ಲೈಗಳು ಇಂಗ್ಲೆಂಡಿನ ಮಾದರಿಯವು. ಸಣಕಲು ಮೈ, ಗರಿಯ ರೆಕ್ಕೆ. ಇಂಗ್ಲೆಂಡಿನ ತೆಳ್ಳನೆಯ, ಸಮಾಧಾನದ ಹೊಳೆಗಳಿಗೆ ಅವು ಸರಿಯೇ. ನ್ಯೂಯಾರ್ಕ್ ರಾಜ್ಯದ ಆಡಿರಾಂಡ್ಯಾಕ್ ಬೆಟ್ಟಗಳಿಂದ ಬಂಡೆಗಳ ನಡುವೆ ಧುಮುಕುವ ಆಸೇಬಲ್ ನದಿಯಲ್ಲಿ ಗರಿಯ ರೆಕ್ಕೆ ಬೇಗನೆ ನೆನೆದು ಫ್ಲೈ ಮುಳುಗುತ್ತಿತ್ತು. ದೊಡ್ಡ ಟ್ರೌಟ್ ಆ ಸಣಕಲು ಕೀಟಕ್ಕಾಗಿ ಮೇಲೇಳುವ ಶ್ರಮವನ್ನಾದರೂ ಏಕೆ ಪಡಬೇಕು ಎಂಬುದು ವುಲ್ಫ್ ಅವರ ಇನ್ನೊಂದು ಪ್ರಶ್ನೆ. ಅವರು ಗರಿಯ ಬದಲು ಜಿಂಕೆಯ ಬಾಲದ ರೋಮವನ್ನು ರೆಕ್ಕೆಗೂ ಬಾಲಕ್ಕೂ ಕಟ್ಟಿದರು, ಮೈಯನ್ನು ದಪ್ಪ ಮಾಡಿದರು. ರೋಮ ನೀರು ಹೀರುವುದು ಕಡಿಮೆ. ಬಿರುಸಿನ ನೀರಲ್ಲೂ ಫ್ಲೈ ತೇಲಿತು. ಗೆಳೆಯ ಡ್ಯಾನ್ ಬೇಲಿ ಇವಕ್ಕೆ ವುಲ್ಫ್ ಅವರ ಹೆಸರನ್ನೇ ಇಡಬೇಕೆಂದು ಪಟ್ಟುಹಿಡಿದರು. ಗ್ರೇ ವುಲ್ಫ್, ವೈಟ್ ವುಲ್ಫ್, ರಾಯಲ್ ವುಲ್ಫ್ ಎಂಬ ಹೆಸರುಗಳು ಬಂದದ್ದು ಹೀಗೆ. ಡ್ಯಾನ್ ಬೇಲಿ ಮುಂದೆ ಮೊಂಟಾನಾದ ಲಿವಿಂಗ್‌ಸ್ಟನ್ ಊರಿನಲ್ಲಿ ಅಂಗಡಿ ತೆರೆದು ಈ ಫ್ಲೈಗಳನ್ನು ಪಶ್ಚಿಮದ ನದಿಗಳಿಗೆಲ್ಲ ತಲುಪಿಸಿದರು. ಇವತ್ತಿಗೂ ಟ್ರೌಟ್ ಇರುವ ದೇಶಗಳ ಗಾಳಗಾರರ ಡಬ್ಬಿಗಳಲ್ಲಿ ರಾಯಲ್ ವುಲ್ಫ್ ಇರುತ್ತದೆ: ನಡುವೆ ಕೆಂಪು ರೇಷ್ಮೆ, ಅದರ ಎರಡೂ ಕಡೆ ನವಿಲುಗರಿಯ ಹಸಿರು ಎಳೆ, ಮೇಲೆ ಬಿಳಿ ರೋಮದ ರೆಕ್ಕೆ. ಈ ಕಟ್ಟುವ ಕೆಲಸಕ್ಕೆ ಎಲ್ಲರೂ ಕೊಕ್ಕೆಯನ್ನು ಒಂದು ಪುಟ್ಟ ಇಕ್ಕಳದಲ್ಲಿ ಬಿಗಿದುಕೊಳ್ಳುತ್ತಾರೆ. ವುಲ್ಫ್ ಮಾತ್ರ ಕೊಕ್ಕೆಯನ್ನು ಬೆರಳುಗಳಲ್ಲೇ ಹಿಡಿದು ಕಟ್ಟುತ್ತಿದ್ದರು. ಕೆಲವೇ ಮಿಲಿಮೀಟರ್ ಉದ್ದದ 28ನೇ ನಂಬರಿನ ಕೊಕ್ಕೆಯನ್ನೂ ಹಾಗೆಯೇ ಕಟ್ಟಿ, ಅದರಲ್ಲೇ ಸಾಲ್ಮನ್ ಹಿಡಿದು ತೋರಿಸಿದ್ದರು.

ಗರಿಯ ಮಾತು ಬಂದದ್ದರಿಂದ ನಮ್ಮ ಕಾಡಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಸಾಲ್ಮನ್ ಫ್ಲೈ ಕಟ್ಟುವುದು ಒಂದು ಅಲಂಕಾರದ ಕಲೆಯಾಗಿ ಬೆಳೆದಿತ್ತು. ಜಗತ್ತಿನ ಮೂಲೆಮೂಲೆಯ ಹಕ್ಕಿಗಳ ಗರಿ ಅದಕ್ಕೆ ಬೇಕಾಗುತ್ತಿತ್ತು. ಅವುಗಳಲ್ಲಿ ಬಹಳ ಬೇಡಿಕೆಯಿದ್ದದ್ದು ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕೂಗುವ ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಯ ಗರಿಗೆ. ಆ ಗರಿಯ ಮೇಲೆ ಅರಗು ಹಚ್ಚಿದಂಥ ಹೊಳೆಯುವ ಹಳದಿ ಬಿಳಿ ಚುಕ್ಕೆಗಳಿರುತ್ತವೆ. ನೀರಿನೊಳಗೆ ಅದು ಮೀನಿನ ಕಣ್ಣಿನ ಹಾಗೆ ಕಾಣುತ್ತದೆಂದು ಫ್ಲೈ ಕಟ್ಟುವವರ ನಂಬಿಕೆ. ಸ್ಕಾಟ್ಲೆಂಡಿನ ಹೊಳೆಯಲ್ಲಿ ಒಬ್ಬ ಶ್ರೀಮಂತನ ಆಟಕ್ಕಾಗಿ ನಮ್ಮ ಕಾಡಿನ ಹುಂಜಗಳು ಸತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಹಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ವುಲ್ಫ್ ಜಿಂಕೆಯ ರೋಮಕ್ಕೆ ತಿರುಗಿದ್ದು ಹಕ್ಕಿಗಳ ಮೇಲಿನ ಕರುಣೆಯಿಂದಲ್ಲ, ತೇಲಲಿ ಎಂಬ ಲೆಕ್ಕಾಚಾರದಿಂದ. ಆದರೂ ಅಲಂಕಾರಕ್ಕಾಗಿ ಅಲಂಕಾರ ಎಂಬ ಆ ಪರಂಪರೆಯಿಂದ ಆಟವನ್ನು ಬಿಡಿಸಿದವರಲ್ಲಿ ಅವರದು ದೊಡ್ಡ ಪಾಲು.

1931ರಲ್ಲಿ ಅವರು ತಮ್ಮ ಕೈಯಿಂದಲೇ ತುಂಬ ಜೇಬುಗಳಿರುವ ಒಂದು ತೋಳಿಲ್ಲದ ಅಂಗಿ ಹೊಲಿದುಕೊಂಡರು. ನೀರಿನ ನಡುವೆ ನಿಂತವನಿಗೆ ಡಬ್ಬಿ, ಕತ್ತರಿ, ದಾರದ ಸುರುಳಿ ಎಲ್ಲವೂ ಎದೆಯ ಮೇಲೇ ಸಿಗಬೇಕು. ಇವತ್ತು ಫೋಟೋಗ್ರಾಫರುಗಳು, ಪಕ್ಷಿವೀಕ್ಷಕರು ತೊಡುವ ಜೇಬಿನ ಅಂಗಿಯಲ್ಲೂ ಅದರ ಛಾಯೆ ಇದೆ. ಎದೆಮಟ್ಟದ ರಬ್ಬರ್ ಷರಾಯಿ ತೊಟ್ಟು ನದಿಗಿಳಿದವನು ಜಾರಿಬಿದ್ದರೆ ಕಾಲುಗಳಲ್ಲಿ ಗಾಳಿ ಸಿಕ್ಕಿಕೊಂಡು ತಲೆಕೆಳಗಾಗಿ ಸಾಯುತ್ತಾನೆಂಬ ಹೆದರಿಕೆ ಆಗ ವ್ಯಾಪಕವಾಗಿತ್ತು. ಅದು ಸುಳ್ಳೆಂದು ವಾದ ಮಾಡುತ್ತ ಕೂರದೆ, ವುಲ್ಫ್ ಅದೇ ಷರಾಯಿಯಲ್ಲಿ ಬ್ಯಾಟನ್‌ಕಿಲ್ ನದಿಯ ಸೇತುವೆಯ ಮೇಲಿಂದ ತಲೆ ಮುಂದಾಗಿ ಜಿಗಿದು ಈಜಿ ಬಂದರು. ಅವರ ಸ್ವಭಾವವೇ ಹಾಗೆ. ಸಾಲ್ಮನ್ ಹಿಡಿಯಲು ಎರಡೂ ಕೈಯಲ್ಲಿ ಹಿಡಿಯುವ ಭಾರದ ಉದ್ದ ಕೋಲೇ ಬೇಕೆಂದು ಹಿರಿಯರು ಹೇಳುತ್ತಿದ್ದಾಗ ಅವರು ಆರು ಅಡಿಯ ಹಗುರ ಕೋಲಿನಲ್ಲಿ ಹಿಡಿದರು. 1967ರಲ್ಲಿ ಈಕ್ವೆಡಾರ್‌ನ ಕಡಲಿನಲ್ಲಿ 148 ಪೌಂಡ್ ತೂಕದ ಮಾರ್ಲಿನ್ ಮೀನನ್ನು ಫ್ಲೈ ಕೋಲಿನಿಂದ ಹಿಡಿದದ್ದು ದಾಖಲೆಯಾಯಿತು. ದಾಖಲೆಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ, ಅವರ ಬದುಕಿನ ಆ ಭಾಗವನ್ನು ಇಷ್ಟಕ್ಕೇ ಬಿಡುತ್ತೇನೆ.

ನನ್ನ ಮನಸ್ಸನ್ನು ಹಿಡಿದಿರುವುದು ನ್ಯೂಫೌಂಡ್‌ಲ್ಯಾಂಡಿನಲ್ಲಿದ್ದ ವುಲ್ಫ್. ಕೆನಡಾದ ಪೂರ್ವ ತುದಿಯಲ್ಲಿರುವ ಈ ದ್ವೀಪ ಅವರು ಅಲ್ಲಿಗೆ ಹೋದಾಗ ಇನ್ನೂ ಕೆನಡಾಕ್ಕೆ ಸೇರಿರಲಿಲ್ಲ, ಸೇರಿದ್ದು 1949ರಲ್ಲಿ. ರಸ್ತೆಯಿಲ್ಲದ ಕರಾವಳಿಯುದ್ದಕ್ಕೂ ಬೆಸ್ತರ ಪುಟ್ಟ ಪುಟ್ಟ ಊರುಗಳು, ಅವುಗಳ ಬೆನ್ನಿಗೆ ಜನವೇ ಇಲ್ಲದ ಒಳನಾಡು, ಅಲ್ಲಿಂದ ಹರಿದುಬರುವ ಸಾಲ್ಮನ್ ನದಿಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವುಲ್ಫ್ ಅಲ್ಲಿ ಪೋರ್ಟ್‌ಲ್ಯಾಂಡ್ ಕ್ರೀಕ್ ಮತ್ತು ರಿವರ್ ಆಫ್ ಪಾಂಡ್ಸ್ ನದಿಗಳ ದಡದಲ್ಲಿ ಗಾಳಗಾರರಿಗೆಂದು ಶಿಬಿರಗಳನ್ನು ಕಟ್ಟಿದರು. ಹೋಗಲು ದಾರಿಯಿಲ್ಲದ್ದರಿಂದ 1947ರಲ್ಲಿ ವಿಮಾನ ಹಾರಿಸುವುದನ್ನು ಕಲಿತು, ಚಕ್ರದ ಬದಲು ತೇಲುದಿಮ್ಮಿಗಳಿದ್ದ ಪೈಪರ್ ಕಬ್ ಎಂಬ ಪುಟ್ಟ ವಿಮಾನವನ್ನು ಕೊಂಡರು. ಕೆರೆಯಿಂದ ಕೆರೆಗೆ ಇಳಿಯುತ್ತ ಆ ದ್ವೀಪದ ನದಿಗಳನ್ನು ಮೇಲಿನಿಂದ ನೋಡಿದರು, ಸಿನಿಮಾ ತೆಗೆದರು.

ಸಾಲ್ಮನ್ ಮೀನಿನ ಬದುಕು ಗೊತ್ತಿಲ್ಲದೆ ಮುಂದಿನ ಮಾತು ಅರ್ಥವಾಗದು. ಅದು ನದಿಯ ತಲೆಭಾಗದ ಜಲ್ಲಿಯಲ್ಲಿ ಮೊಟ್ಟೆಯೊಡೆದು ಹುಟ್ಟುತ್ತದೆ, ಕೆಲವು ವರ್ಷ ಸಿಹಿನೀರಲ್ಲಿ ಬೆಳೆದು ಕಡಲಿಗೆ ಹೋಗುತ್ತದೆ, ಸಾವಿರಾರು ಕಿಲೋಮೀಟರ್ ತಿರುಗಿ ಕೊಬ್ಬಿ, ತಾನು ಹುಟ್ಟಿದ ನದಿಗೇ ವಾಸನೆ ಹಿಡಿದು ಮರಳುತ್ತದೆ. ಅಲಾಸ್ಕಾದಲ್ಲಿ ವುಲ್ಫ್ ಚಿಕ್ಕಂದಿನಲ್ಲಿ ನೋಡಿದ ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಅಟ್ಲಾಂಟಿಕ್ ಸಾಲ್ಮನ್ ಹಾಗಲ್ಲ. ಅವುಗಳಲ್ಲಿ ಕೆಲವು ಬದುಕುಳಿದು ಮತ್ತೆ ಕಡಲಿಗೆ ಹೋಗಿ, ಮತ್ತೊಮ್ಮೆ ಬಂದು ಮೊಟ್ಟೆಯಿಡುತ್ತವೆ. ನದಿ ಏರುವಾಗ ಅವು ಊಟವನ್ನೇ ಮಾಡುವುದಿಲ್ಲ. ಹಾಗಿದ್ದೂ ಫ್ಲೈಗೆ ಏಕೆ ಬಾಯಿ ಹಾಕುತ್ತವೆ ಎಂಬುದು ಇನ್ನೂ ತೀರದ ಚರ್ಚೆ. ಗಾಳಕ್ಕೆ ಸಿಕ್ಕಿದ ಸಾಲ್ಮನ್ ಎಂದರೆ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಹೊತ್ತು ತವರಿಗೆ ಬರುತ್ತಿರುವ ಜೀವ. ಅದನ್ನು ಬಿಟ್ಟರೆ ಆ ಶರತ್ಕಾಲಕ್ಕೇ ಅದು ಮೊಟ್ಟೆಯಿಡುತ್ತದೆ. ಈ ಲೆಕ್ಕವೇ ವುಲ್ಫ್ ಅವರ ವಾದದ ಬೆನ್ನೆಲುಬು.

ಆ ವಾದಕ್ಕೆ ಹಣದ ಮುಖವೂ ಇತ್ತು. ಬಲೆಯಲ್ಲಿ ಸಿಕ್ಕು ಸಂತೆಗೆ ಹೋಗುವ ಸಾಲ್ಮನ್ ಪೌಂಡಿಗಿಷ್ಟು ಎಂದು ಒಮ್ಮೆ ಮಾರಾಟವಾಗುತ್ತದೆ. ಅದೇ ಮೀನು ನದಿಯಲ್ಲಿ ಬದುಕಿದ್ದರೆ ಅದನ್ನು ಹುಡುಕಿಕೊಂಡು ಬರುವವನು ದೋಣಿಯವನಿಗೆ, ದಾರಿ ತೋರಿಸುವವನಿಗೆ, ಅಡುಗೆಯವಳಿಗೆ, ಅಂಗಡಿಗೆ ಕೊಡುವ ಹಣ ಅದಕ್ಕಿಂತ ಎಷ್ಟೋ ಹೆಚ್ಚು ಎಂದು ಅವರು ನ್ಯೂಫೌಂಡ್‌ಲ್ಯಾಂಡಿನವರಿಗೆ ತಿಳಿಹೇಳಲು ನೋಡಿದರು. ಈ ಮಾತು ನಿಜ. ಆದರೆ ಇದರೊಳಗೆ ಒಂದು ನೋವಿದೆ. ಹಗುರ ಕೋಲು ಹಿಡಿದು ಬಂದ ನ್ಯೂಯಾರ್ಕಿನವನಿಗೆ ಮೀನು ಆಟ. ತಲೆತಲಾಂತರದಿಂದ ಬಾಗಿಲ ಮುಂದಿನ ಕಡಲಿಗೆ ಬಲೆಯೊಡ್ಡಿ ಮಕ್ಕಳನ್ನು ಸಾಕಿದವನಿಗೆ ಅದೇ ಅನ್ನ. ಮೀನು ಕಡಿಮೆಯಾದಾಗ ಮೊದಲು ಬಲೆ ತೆಗೆಯಬೇಕಾದವನು ಬಡವನೇ. ವುಲ್ಫ್ ಅವರ ಮೇಲೆ ಎಷ್ಟೇ ಗೌರವವಿದ್ದರೂ, ಈ ಪ್ರಶ್ನೆಯ ಇನ್ನೊಂದು ಬದಿಯಲ್ಲಿ ನಿಂತವರ ಬಾಳನ್ನು ಅವರ ಬರವಣಿಗೆ ಸಾಕಷ್ಟು ತೂಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಪಾಯ ನದಿಯಲ್ಲಿ ಮಾತ್ರ ಇರಲಿಲ್ಲ. ಯೂರೋಪಿನ, ಉತ್ತರ ಅಮೆರಿಕದ ಸಾಲ್ಮನ್‌ಗಳು ಗ್ರೀನ್‌ಲ್ಯಾಂಡಿನ ಪಶ್ಚಿಮ ಕಡಲಿನಲ್ಲಿ ಮೇಯಲು ಸೇರುತ್ತವೆಂಬುದು 1950ರ ದಶಕದ ಕೊನೆಯ ಹೊತ್ತಿಗೆ ಮೀನುಗಾರರಿಗೆ ತಿಳಿಯಿತು. ಹಡಗುಗಳು ಅಲ್ಲಿಗೆ ನುಗ್ಗಿದವು. 1971ರಲ್ಲಿ ಅಲ್ಲಿ ಹಿಡಿದದ್ದು ಸುಮಾರು 2,700 ಟನ್. ಒಂದು ನದಿಯಲ್ಲಿ ನೂರು ಜನ ಗಾಳಗಾರರು ಮೀನನ್ನು ಮುತ್ತಿಟ್ಟು ಬಿಟ್ಟರೂ ಏನು ಬಂತು, ಆ ನದಿಯ ಇಡೀ ಒಂದು ಪೀಳಿಗೆ ಕಡಲಿನಲ್ಲೇ ಬಲೆಗೆ ಬಿದ್ದರೆ? ವುಲ್ಫ್ ಈ ಸತ್ಯವನ್ನು ತಪ್ಪಿಸಿಕೊಳ್ಳಲಿಲ್ಲ. 1958ರಲ್ಲೇ ಸಾಲ್ಮನ್ ಕುರಿತು ದೊಡ್ಡ ಪುಸ್ತಕ ಬರೆದಿದ್ದ ಅವರು ಮುಂದಿನ ವರ್ಷಗಳಲ್ಲಿ ಕಡಲ ಬಲೆಗಳ ವಿರುದ್ಧ ಬರೆದರು, ಭಾಷಣ ಮಾಡಿದರು, ಅಟ್ಲಾಂಟಿಕ್ ಸಾಲ್ಮನ್ನಿನ ವ್ಯಾಪಾರವೇ ನಿಲ್ಲಬೇಕೆಂದು ಹೇಳುತ್ತ ಹೋದರು. ಎಷ್ಟೋ ಜನರ, ಸಂಘಗಳ, ವಿಜ್ಞಾನಿಗಳ ಒತ್ತಾಯ ಸೇರಿ 1983ರಲ್ಲಿ ಉತ್ತರ ಅಟ್ಲಾಂಟಿಕ್ ಸಾಲ್ಮನ್ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂತು. ತೆರೆದ ಕಡಲಿನ ಬಹುಭಾಗದಲ್ಲಿ ಸಾಲ್ಮನ್ ಹಿಡಿಯುವುದು ನಿಷಿದ್ಧವಾಯಿತು. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ವ್ಯಾಪಾರಿ ಸಾಲ್ಮನ್ ಬಲೆಗಳು ನಿಂತದ್ದು 1992ರಲ್ಲಿ. ಅದನ್ನು ನೋಡಲು ವುಲ್ಫ್ ಇರಲಿಲ್ಲ.

ಇನ್ನು, ನಮ್ಮಲ್ಲಿ ಯಾರೇ ಆದರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ಬಿಡುವುದಾದರೆ ಹಿಡಿಯುವುದೇಕೆ? ಇದು ಹಗುರ ಪ್ರಶ್ನೆಯಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎಸೆದು ಬೆಳೆದವರು ನಾವು. ಆ ಮೀನಿನ ತುಟಿಗೆ ಕೊಕ್ಕೆ ಚುಚ್ಚಿ, ಸುಸ್ತಾಗುವವರೆಗೆ ಎಳೆದಾಡಿ, ಆಮೇಲೆ ದೊಡ್ಡ ಮನಸ್ಸಿನಿಂದ ಬಿಟ್ಟೆ ಎನ್ನುವವನನ್ನು ಕಂಡರೆ ನಮಗೆ ಸಹಜವಾಗಿಯೇ ಬೇಸರ. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವಿನ ಪ್ರಚೋದನೆಗೆ ಸ್ಪಂದಿಸುವ ನರತುದಿಗಳಿರುವುದನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಕಾನೂನು ತಡೆಯುತ್ತದೆ: ತಿನ್ನಲಲ್ಲದೆ ಜೀವಿಯನ್ನು ಹಿಂಸಿಸಬೇಡ ಎಂಬ ತರ್ಕ. ಬಿಟ್ಟ ಮೀನೆಲ್ಲ ಬದುಕುತ್ತದೆಂಬುದೂ ಸರಿಯಲ್ಲ. ನೀರು ಬೆಚ್ಚಗಿದ್ದರೆ, ಹೋರಾಟ ಬಹಳ ಹೊತ್ತು ನಡೆದರೆ, ಫೋಟೋಗೆಂದು ಮೀನನ್ನು ನಿಮಿಷಗಟ್ಟಲೆ ನೀರಿನ ಹೊರಗೆ ಎತ್ತಿ ಹಿಡಿದರೆ ಅದು ಈಜಿಹೋದರೂ ಮುಂದೆಲ್ಲೋ ಸಾಯಬಹುದು. ಎದುರುಮುಳ್ಳಿಲ್ಲದ ಕೊಕ್ಕೆ, ಬೇಗ ಮುಗಿಸುವ ಹಿಡಿತ, ನೀರೊಳಗೇ ಬಿಡಿಸುವ ಕೈ, ಇವೆಲ್ಲ ಸೇರಿದರೆ ಮಾತ್ರ ಬಿಡುವುದಕ್ಕೆ ಬೆಲೆ.

ಇಷ್ಟೆಲ್ಲ ಒಪ್ಪಿಕೊಂಡೂ ನಾನು ವುಲ್ಫ್ ಅವರ ಕಡೆ ವಾಲುತ್ತೇನೆ. ದೇವರ ಮೀನೆಂಬ ಭಕ್ತಿ ಗುಡಿಯ ಮುಂದಿನ ಮಡುವನ್ನು ಕಾಯುತ್ತದೆ; ಅದು ದೊಡ್ಡ ಮಾತೇ. ಆದರೆ ಆ ಮಡುವಿನ ಮೇಲೆ, ಕೆಳಗೆ? 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳು ವಿಷಕ್ಕೆ ಬಲಿಯಾದವು. ನದಿಯುದ್ದಕ್ಕೂ ಕಾವಲುಗಾರರು ಬೇಕು, ದಿನವೂ ನೀರಿಗಿಳಿಯುವವರು ಬೇಕು, ನಿನ್ನೆ ಇದ್ದ ಮೀನು ಇವತ್ತಿಲ್ಲ ಎಂದು ಗುರುತಿಸುವವರು ಬೇಕು. ಹಿಡಿದು ಬಿಡುವ ಗಾಳಗಾರ ಅಂಥವನಾಗಬಲ್ಲ.

ವುಲ್ಫ್ ಅವರ ಬಳುವಳಿಯ ಮಾತಿನಲ್ಲಿ ಅವರ ಪತ್ನಿ ಜೋನ್ ಸಾಲ್ವಾಟೋ ವುಲ್ಫ್ ಅವರ ಹೆಸರು ಅಡಿಟಿಪ್ಪಣಿಯಾಗಿ ಬರಬಾರದು. 1926ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅವರು ನೃತ್ಯ ಕಲಿಸುತ್ತಿದ್ದರು, ದಾರ ಬೀಸುವ ಸ್ಪರ್ಧೆಗಳಲ್ಲಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದರು. 1951ರಲ್ಲಿ ಉಳಿದ ಸ್ಪರ್ಧಿಗಳೆಲ್ಲ ಗಂಡಸರೇ ಆಗಿದ್ದ ದೂರದ ಎಸೆತದ ಸ್ಪರ್ಧೆಯೊಂದರಲ್ಲಿ ಮೊದಲಿಗರಾದರು. ಟಿವಿ ಚಿತ್ರೀಕರಣವೊಂದರಲ್ಲಿ ಲೀ ಅವರ ಪರಿಚಯವಾಗಿ 1967ರಲ್ಲಿ ಮದುವೆಯಾದರು. 1979ರಲ್ಲಿ ಇಬ್ಬರೂ ಸೇರಿ ನ್ಯೂಯಾರ್ಕ್ ರಾಜ್ಯದ ಬೀವರ್‌ಕಿಲ್ ನದಿಯ ದಡದ ಲೂ ಬೀಚ್‌ನಲ್ಲಿ ಫ್ಲೈ ಫಿಶಿಂಗ್ ಶಾಲೆ ತೆರೆದರು. ಅದುವರೆಗೆ ದಾರ ಬೀಸುವುದು ಬಹುಮಟ್ಟಿಗೆ ಅಪ್ಪನಿಂದ ಮಗ ನೋಡಿ ಕಲಿಯುವ ವಿದ್ಯೆಯಾಗಿತ್ತು. ಹೆಜ್ಜೆ ಹೆಜ್ಜೆಯಾಗಿ ನೃತ್ಯ ಕಲಿಸಿ ಗೊತ್ತಿದ್ದ ಜೋನ್ ಆ ಒಂದೇ ಚಲನೆಯನ್ನು ಬಿಡಿಸಿ, ಮಣಿಕಟ್ಟು ಎಲ್ಲಿ ನಿಲ್ಲಬೇಕು, ಮೊಣಕೈ ಯಾವಾಗ ಏಳಬೇಕು, ಬಲ ಎಲ್ಲಿ ಬೀಳಬೇಕು ಎಂದು ಒಂದೊಂದು ಭಾಗಕ್ಕೂ ಹೆಸರಿಟ್ಟರು, 1987ರಲ್ಲಿ ಅದನ್ನು ಪುಸ್ತಕ ಮಾಡಿದರು. ತೋಳಿನ ಬಲವಿಲ್ಲದವರೂ ಕಲಿಯಬಲ್ಲರೆಂದು ಸಾವಿರಾರು ಹೆಂಗಸರು ನದಿಗಿಳಿದದ್ದು ಅವರ ಪಾಠದಿಂದ.

ಲೀ ವುಲ್ಫ್ ತೀರಿಕೊಂಡದ್ದು 1991ರ ಏಪ್ರಿಲ್ 28ರಂದು, ನ್ಯೂಯಾರ್ಕ್ ರಾಜ್ಯದ ಹ್ಯಾನ್‌ಕಾಕ್ ಬಳಿ, ವಿಮಾನ ಹಾರಿಸುವ ಪರವಾನಗಿ ನವೀಕರಣಕ್ಕೆಂದು ತಮ್ಮ ಪುಟ್ಟ ವಿಮಾನದಲ್ಲಿ ಹಾರುತ್ತಿದ್ದಾಗ. ಹೃದಯಾಘಾತ. ಆಗ ಅವರಿಗೆ 86 ವರ್ಷ.

ಅವರ ವಿಚಾರ ನಮ್ಮ ನೀರಿಗೂ ಬಂದಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೋ ತೂಕದ ಮಹಶೀರ್ ಮೀನು ಹಿಡಿದದ್ದು ಇಂದಿಗೂ ಗಾಳಗಾರರ ಬಾಯಲ್ಲಿರುವ ದಾಖಲೆ. ಆಮೇಲೆ ಅಣೆಕಟ್ಟು, ಸಿಡಿಮದ್ದು, ವಿಷ ಸೇರಿ ಕಾವೇರಿಯ ದೊಡ್ಡ ಮೀನುಗಳು ಮುಗಿದೇಹೋದವೆಂಬ ಮಾತಿತ್ತು. 1970ರ ದಶಕದಿಂದ ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಡಿದು ಬಿಡುವ ಶಿಬಿರಗಳು ನಡೆದವು. ಫ್ಲೈ ಅಲ್ಲ, ಅಲ್ಲಿ ಗಾಳಕ್ಕೆ ಹಾಕುತ್ತಿದ್ದದ್ದು ರಾಗಿಹಿಟ್ಟಿನ ಉಂಡೆ. ಹಿಂದೆ ಸಿಡಿಮದ್ದು ಹಾಕುತ್ತಿದ್ದವರೇ ಹಲವರು ಅಲ್ಲಿ ದಾರಿ ತೋರಿಸುವ, ಕಾವಲು ಕಾಯುವ ಕೆಲಸಕ್ಕೆ ಸೇರಿದರು. ವನ್ಯಜೀವಿ ಕಾಯ್ದೆಯಡಿ ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಎಂದಾದಾಗ, 2010ರ ದಶಕದ ಮೊದಲ ವರ್ಷಗಳಲ್ಲಿ ಅವೆಲ್ಲ ನಿಂತವು.

ಶಿಬಿರಗಳು ಬಿಟ್ಟುಹೋದದ್ದು ಒಂದು ಲೆಕ್ಕದ ಪುಸ್ತಕ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ತೂಕ, ಬಣ್ಣ, ಗಾಳ ಹಾಕಿದ ಹೊತ್ತು ಎಲ್ಲವೂ ಅದರಲ್ಲಿತ್ತು. ವಿಜ್ಞಾನಿಗಳು ಅದನ್ನು ಕೂತು ಓದಿದಾಗ ಬೆಚ್ಚಿಬೀಳುವ ಸಂಗತಿ ಹೊರಬಂತು. ಮೀನಿನ ಸಂಖ್ಯೆ ಹೆಚ್ಚುತ್ತಿತ್ತು. ಆದರೆ ಹೆಚ್ಚುತ್ತಿದ್ದದ್ದು ಹೊರಗಿನ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್ ಸದ್ದಿಲ್ಲದೆ ಕರಗುತ್ತಿತ್ತು. ಅದರ ವೈಜ್ಞಾನಿಕ ಹೆಸರು ಟಾರ್ ರೇಮದೇವಿ ಎಂದು ಖಚಿತವಾದದ್ದು 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಮೀನನ್ನು ಕೊಂದು ತಿಂದಿದ್ದರೆ ಈ ಲೆಕ್ಕ ಯಾರೂ ಬರೆಯುತ್ತಿರಲಿಲ್ಲ. ಯಾರೂ ನದಿಗಿಳಿಯದೇ ಇದ್ದಿದ್ದರೂ ಬರೆಯುತ್ತಿರಲಿಲ್ಲ.

ಶಿಬಿರಗಳನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಆ ದಡದ ಊರುಗಳ ಬೆಸ್ತರನ್ನು ಹೊರಗಿಟ್ಟು ನಗರದವರಿಗೆ ನದಿಯನ್ನು ಬಿಟ್ಟುಕೊಟ್ಟ ಹಳೆಯ ಏರ್ಪಾಡು ಮರಳಿ ಬರಬೇಕಾಗಿಯೂ ಇಲ್ಲ. ಆದರೆ 2012ರ ಬಳಿಕ ಆ ಲೆಕ್ಕ ನಿಂತಿದೆ. ಅರಣ್ಯ ಇಲಾಖೆಯ ಅನುಮತಿಯಲ್ಲಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ, ವರ್ಷಕ್ಕೆ ಕೆಲವೇ ವಾರ ಮುಳ್ಳಿಲ್ಲದ ಕೊಕ್ಕೆ ಹಿಡಿದು ಮೀನು ಎಣಿಸಿ ಬಿಡುವ ಕೆಲಸವನ್ನು ಸಂಬಳ ಕೊಟ್ಟು ಮಾಡಿಸಬಹುದು. ಅದನ್ನು ಮಾಡಬಲ್ಲ, ಮಡು ಮಡುವಿನ ಗುಟ್ಟು ಬಲ್ಲ ಹಳೆಯ ಮಾರ್ಗದರ್ಶಕರು ಮುತ್ತತ್ತಿ, ಸಂಗಮದ ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ.